ಸೆಕ್ಷನ್‌ನಲ್ಲಿ ಸುಮ್ನೆ ಕೂತರೆ ಅಂಕ ಯಾಕೆ ಹೋಗುತ್ತದೆ?

ಆಂಟಿ ಅಂತ ಕರೆದು ಬರೆದಿದ್ದೀಯ, ಇರಲಿ. ಗಣೇಶನ ಹಬ್ಬದ ಪಾಟ್‌ಲಕ್‌ನಲ್ಲಿ ನಿನ್ನ ತಟ್ಟೆಗೆ ಬಲವಂತವಾಗಿ ಕಡುಬು ಹಾಕಿದ ಸಲಿಗೆ ಇದೆಯಲ್ಲ, ಅದಕ್ಕೆ ನಾನೂ ನೀನು ಅಂತಲೇ ಬರೆಯುತ್ತೇನೆ.

ಅಮೆರಿಕಕ್ಕೆ ಕಂಪ್ಯೂಟರ್ ಸೈನ್ಸ್ ಓದಲು ಬಂದ ನಿನಗೆ ಒಂದು ಸಾಹಿತ್ಯದ ಕೋರ್ಸ್ ಕಡ್ಡಾಯವಾಗಿ ಗಂಟುಬಿದ್ದಿದೆ. ಪ್ರೊಫೆಸರ್ ಪಾಠ ದೊಡ್ಡ ಹಾಲ್‌ನಲ್ಲಿ, ಅದು ಹೇಗೋ ನಡೆಯುತ್ತಿದೆ. ವಾರಕ್ಕೊಮ್ಮೆ ಸಣ್ಣ ಗುಂಪಿನಲ್ಲಿ ಕೂತು ಆ ಪಾಠದ ಬಗ್ಗೆ ಮಾತಾಡುವ 50 ನಿಮಿಷದ ಡಿಸ್ಕಷನ್ ಸೆಕ್ಷನ್‌ನದ್ದೇ ತಲೆನೋವು. ಒಂದು ದಿನವೂ ತಪ್ಪಿಸಿಲ್ಲ, ಶಿಸ್ತಾಗಿ ಕೂತಿದ್ದೀಯ, ಆದರೂ ಪಾರ್ಟಿಸಿಪೇಷನ್‌ಗೆ 10ಕ್ಕೆ 4 ಬಂದಿದೆ. "ನಾನೇನು ತಪ್ಪು ಮಾಡಿದೆ, ಕೋರ್ಸ್ ಡ್ರಾಪ್ ಮಾಡಿಬಿಡಲಾ?" ಅಂತ ಕೇಳಿದ್ದೀಯ.

ಮೊದಲು ಡ್ರಾಪ್ ವಿಷಯ. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬಿ.ಎಸ್. ಓದುವವರು ಸೆಮಿಸ್ಟರ್‌ಗೆ ಕನಿಷ್ಠ 12 ಕ್ರೆಡಿಟ್ ಇಟ್ಟುಕೊಂಡಿರಬೇಕು. ಅದಕ್ಕಿಂತ ಕೆಳಗೆ ಇಳಿಯುವುದಾದರೆ ಇಂಟರ್‌ನ್ಯಾಷನಲ್ ಆಫೀಸಿನ ಡಿಎಸ್ಒ, ಅಂದರೆ ವಿದೇಶಿ ವಿದ್ಯಾರ್ಥಿಗಳ ವೀಸಾ ವಿಷಯ ನೋಡಿಕೊಳ್ಳುವ ಅಧಿಕಾರಿಯ ಒಪ್ಪಿಗೆ ಮೊದಲೇ ಬೇಕು. ರಾತ್ರಿ ಹನ್ನೊಂದಕ್ಕೆ ಬೇಜಾರಿನಲ್ಲಿ ಒತ್ತುವ ಬಟನ್ ಅಲ್ಲ ಅದು.

ಇನ್ನು ಆ ನಾಲ್ಕು ಅಂಕ. ನಮ್ಮ ಕಡೆ 75 ಪರ್ಸೆಂಟ್ ಹಾಜರಿ ಇದ್ದರೆ ಸಾಕು, ಮೇಷ್ಟ್ರು ಕೇಳಿದಾಗ ಉತ್ತರ ಹೇಳಬೇಕು, ಇಲ್ಲವಾದರೆ ಬಾಯಿ ಮುಚ್ಚಿಕೊಂಡಿರುವುದೇ ಮರ್ಯಾದೆ. ಇಲ್ಲಿ ಬಾಯಿ ಮುಚ್ಚಿಕೊಂಡು ಕೂತವಳನ್ನು ನೋಡಿದರೆ ಸೆಕ್ಷನ್ ನಡೆಸುವ ಟಿಎಗೆ (ಟೀಚಿಂಗ್ ಅಸಿಸ್ಟೆಂಟ್‌ಗೆ) ಅನ್ನಿಸುವುದು, ಈ ಹುಡುಗಿ ಓದಿಕೊಂಡು ಬಂದಿಲ್ಲ ಅಂತ. ನಾನು ಎಂ.ಎ. ಮಾಡುವಾಗ ಮೊದಲ ಸೆಮಿಸ್ಟರ್ ಪೂರ್ತಿ ಹಾಗೇ ಕಳೆದೆ. ಆಮೇಲೆ ನಾನೇ ಟಿಎ ಆದೆ. ಎರಡು ಸೆಕ್ಷನ್, ಒಂದೊಂದರಲ್ಲೂ ಇಪ್ಪತ್ತು ಚಿಲ್ಲರೆ ಮಕ್ಕಳು. ಕ್ಲಾಸ್ ಮುಗಿದ ಕೂಡಲೇ ಹೆಸರುಗಳ ಮುಂದೆ ಗುರುತು ಹಾಕುತ್ತಿದ್ದೆ. ಮಾತಾಡದವರ ಮುಂದೆ ಏನು ಹಾಕುವುದು ಹೇಳು? ಅವರ ತಲೆಯಲ್ಲಿ ಏನಿತ್ತೋ ನನಗೆ ಕಾಣುತ್ತಿರಲಿಲ್ಲ.

ಟಿಎ ಪ್ರಶ್ನೆ ಕೇಳಿ ಅರ್ಧ ನಿಮಿಷ ಸುಮ್ಮನಿರುತ್ತಾಳೆ, ನಿನಗೆ ಎದೆ ಡವಡವ ಅನ್ನುತ್ತದೆ ಅಂದೆಯಲ್ಲ. ನಮಗೆ ಆ ಮೌನ ಅಂದರೆ ಬೈಗುಳಕ್ಕೆ ಮುಂಚಿನ ಮೌನ. ಅವಳು ಯಾರಾದರೂ ಬಾಯಿ ಬಿಡಲಿ ಅಂತ ಕಾಯುತ್ತಿರುತ್ತಾಳೆ, ಅಷ್ಟೇ. ಅವಳಿಗೂ ಎದೆ ಡವಡವ ಅನ್ನುತ್ತಿರುತ್ತದೆ, ನನ್ನ ಮಾತು ನಂಬು.

ಏನು ಮಾತಾಡಬೇಕು ಅನ್ನುವುದು ನಿನಗೆ ಆಗಲೇ ಗೊತ್ತಿದೆ. ಹೈಸ್ಕೂಲ್ ಕನ್ನಡ ಪರೀಕ್ಷೆ ನೆನಪಿಸಿಕೋ. "ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸಿ" ಅಂತ ಒಂದು ಸಾಲು ಕೊಡುತ್ತಿದ್ದರು. ಆಯ್ಕೆ, ಸಂದರ್ಭ, ಸ್ವಾರಸ್ಯ ಅಂತ ಮೂರು ಭಾಗ ಮಾಡಿ ಬರೆಯುತ್ತಿದ್ದೆವು. ಮೊದಲ ಎರಡಕ್ಕೆ ಪುಟ ತುಂಬಿಸಿ, ಸ್ವಾರಸ್ಯಕ್ಕೆ ಗೈಡ್‌ನ ಒಂದು ಸಾಲು ಒಗೆದು ಮುಗಿಸುತ್ತಿದ್ದೆವು, ಅಲ್ವಾ? ಸೆಕ್ಷನ್‌ನಲ್ಲಿ ಮೊದಲ ಎರಡನ್ನು ಯಾರೂ ಕೇಳುವುದಿಲ್ಲ, ಕಥೆ ಎಲ್ಲರೂ ಓದಿರುತ್ತಾರೆ. 50 ನಿಮಿಷ ಪೂರ್ತಿ ಬರೀ ಸ್ವಾರಸ್ಯ. ಈ ಸಾಲಿನಲ್ಲಿ ಈ ಪದ ಯಾಕೆ ಬಂತು, ಇಲ್ಲಿ ಇವನು ಯಾಕೆ ಸುಳ್ಳು ಹೇಳಿದ, ಇಂಥದ್ದು. ಪುಟದ ನಂಬರ್ ಹೇಳಿ, ಸಾಲು ಓದಿ, ನಿನಗೆ ಕಂಡದ್ದನ್ನು ಹೇಳು. ಅರ್ಥವಾಗದಿದ್ದರೆ ಯಾವ ಸಾಲು ಅರ್ಥವಾಗಲಿಲ್ಲ ಅಂತ ಹೇಳು, ಅದೂ ಲೆಕ್ಕಕ್ಕೆ ಬರುತ್ತದೆ.

ಪುಟದ ನಂಬರ್ ಅಂದೆ. ನೀನು ಫೋನ್‌ನಲ್ಲಿ ಪುಕ್ಕಟೆ ಪ್ರತಿ ಓದುತ್ತಿದ್ದೀಯ. ಈಗ ನಡೆಯುತ್ತಿರುವುದು ಮೇರಿ ಶೆಲ್ಲಿಯ ಫ್ರಾಂಕೆನ್‌ಸ್ಟೈನ್. ಅದು ಮೊದಲು ಅಚ್ಚಾದದ್ದು 1818ರಲ್ಲಿ, ಅವಳೇ ತಿದ್ದಿದ ಪ್ರತಿ ಬಂದದ್ದು 1831ರಲ್ಲಿ. ಎರಡೂ ನೆಟ್‌ನಲ್ಲಿ ಸಿಗುತ್ತವೆ. ಸಿಲಬಸ್‌ನಲ್ಲಿ 1818 ಅಂತ ಬರೆದಿದೆ, ನೀನು ಕಳಿಸಿದ ಫೋಟೋದಲ್ಲಿರುವುದು 1831ರ ಪಠ್ಯ. ಮೂರು ವಾರದಿಂದ ನೀನು ಬೇರೆ ಪುಸ್ತಕ ಓದುತ್ತಿದ್ದೀಯ ಮಾರಾಯ್ತಿ!

ಸುಮ್ನೆ ಪುಟ ಹಿಂದೆಮುಂದೆ ಆಗಿರುವುದಲ್ಲ ಇದು. ಕಥಾನಾಯಕ ವಿಕ್ಟರ್ ಮದುವೆಯಾಗುವ ಎಲಿಜಬೆತ್ ಇದ್ದಾಳಲ್ಲ, 1818ರಲ್ಲಿ ಅವಳು ಅವನ ಅಪ್ಪನ ತಂಗಿಯ ಮಗಳು. ಅಂದರೆ ಸೋದರತ್ತೆ ಮಗಳು! 1831ರಲ್ಲಿ ಶೆಲ್ಲಿ ಅವಳನ್ನು ರಕ್ತಸಂಬಂಧವಿಲ್ಲದ, ಬಡವರ ಮನೆಯಿಂದ ತಂದು ಸಾಕಿದ ಅನಾಥೆಯಾಗಿ ಬದಲಾಯಿಸಿದ್ದಾಳೆ. ನನ್ನ ಕ್ಲಾಸಿನ ಮಕ್ಕಳು ಮೊದಲ ಪ್ರತಿಯ ಆ ಮದುವೆ ಬಗ್ಗೆ ಮುಖ ಸಿಂಡರಿಸುತ್ತಿದ್ದರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅತ್ತೆ ಮಗಳನ್ನು ತಂದುಕೊಳ್ಳುವುದು ಸಹಜವಾದ ಮಾತು. ಹಾಗಾಗಿ ನಿನ್ನ ಕಣ್ಣಿಗೆ ಅಲ್ಲಿ ಬೇರೆಯದೇ ಕಾಣಬಹುದು. ಮನೆಯವರೇ ಮೊದಲಿನಿಂದ ಗೊತ್ತುಮಾಡಿದ ಸಂಬಂಧ ಬಿಟ್ಟು ವಿಕ್ಟರ್ ಅಷ್ಟು ದೂರ ಯಾಕೆ ಓಡುತ್ತಾನೆ? ಇದನ್ನು ಕೇಳು, ಸೆಕ್ಷನ್ ಎದ್ದು ಕೂರುತ್ತದೆ. ಆದರೆ "ಇಂಡಿಯಾದಲ್ಲಿ ಹೀಗೆ" ಅಂತ ಭಾಷಣಕ್ಕೆ ಇಳಿಯಬೇಡ. ಒಂದು ಮಾತು ಹೇಳಿ ಪುಸ್ತಕದ ಸಾಲಿಗೆ ವಾಪಸ್ ಬಾ.

ಆಮೇಲೆ, ಮೊದಲ ಹತ್ತು ನಿಮಿಷದಲ್ಲೇ ಬಾಯಿ ಬಿಡು. ತಡವಾದಷ್ಟೂ ಭಯ ಜಾಸ್ತಿ. ಬೇರೆಯವರ ಮಾತು ಒಪ್ಪದಿದ್ದರೆ ಅವರ ಹೆಸರು ಹಿಡಿದು "ನನಗೆ ಹಾಗೆ ಕಾಣಲಿಲ್ಲ" ಅನ್ನಬಹುದು, ಯಾರೂ ಮುನಿಸಿಕೊಳ್ಳುವುದಿಲ್ಲ. ನಿನ್ನ ಇಂಗ್ಲಿಷ್ ಉಚ್ಚಾರಣೆ ಬಗ್ಗೆ ಯೋಚನೆ ಬಿಡು. ಅರ್ಥವಾಗದಿದ್ದರೆ ಮತ್ತೆ ಹೇಳು ಅಂತಾರೆ, ಮತ್ತೆ ಹೇಳಿದರಾಯಿತು. ನೆಟ್‌ನ ಸಾರಾಂಶದ ಸಾಲು ಮಾತ್ರ ಒಪ್ಪಿಸಬೇಡ. ಅದನ್ನು ಟಿಎ ನಿನಗಿಂತ ಮೊದಲೇ ಓದಿರುತ್ತಾಳೆ.

ಈ ವಾರ ಅವಳ ಆಫೀಸ್ ಅವರ್ಸ್‌ಗೆ ಹೋಗು. ಬೈಸಿಕೊಳ್ಳುವ ಜಾಗ ಅಲ್ಲ ಅದು, ವಿದ್ಯಾರ್ಥಿಗಳಿಗೆ ಅಂತಲೇ ಎತ್ತಿಟ್ಟ ಹೊತ್ತು. ನನ್ನ ಆಫೀಸ್ ಅವರ್ಸ್‌ನಲ್ಲಿ ಎಷ್ಟೋ ದಿನ ನಾನೊಬ್ಬಳೇ ಕೂತು ಮೊಸರನ್ನ ತಿಂದಿದ್ದೇನೆ. "ರೆಸ್ಪೆಕ್ಟೆಡ್ ಮೇಡಂ" ಅಂತ ಮೇಲ್ ಬರೆಯಬೇಡ, ಮೊದಲ ದಿನ ಏನಂತ ಕರೆಯಿರಿ ಅಂದಳೋ ಹಾಗೇ ಕರೆ. ಸಾಹಿತ್ಯದ ಕ್ಲಾಸ್ ಇದೇ ಮೊದಲು, ಮಾತಾಡಲು ಕಷ್ಟವಾಗುತ್ತಿದೆ, ತಪ್ಪಾದ ಪ್ರತಿ ಬೇರೆ ಓದಿಬಿಟ್ಟೆ, ಮೂರನ್ನೂ ಹೇಳು. ಮೂರನೆಯದನ್ನು ಕೇಳಿ ಅವಳು ನಗಬಹುದು. ಆಮೇಲೆ ಎಲಿಜಬೆತ್ ಬದಲಾದ ಕಥೆಯನ್ನು ಸೆಕ್ಷನ್‌ನಲ್ಲಿ ನೀನೇ ಹೇಳು ಅಂದರೂ ಅನ್ನಬಹುದು.

1818ರ ಪ್ರತಿಗೆ ದುಡ್ಡು ಸುರಿಯಬೇಡ. ಲೈಬ್ರರಿಯಲ್ಲಿ ಕೋರ್ಸ್ ರಿಸರ್ವ್, ಅಂದರೆ ಕೋರ್ಸಿನ ಮಕ್ಕಳಿಗೆ ಅಂತ ಎತ್ತಿಟ್ಟ ಪುಸ್ತಕಗಳು, ಎಲ್ಲಿ ಅಂತ ಕೇಳು. ಅಲ್ಲಿಲ್ಲದಿದ್ದರೆ ಶನಿವಾರ ಮನೆಗೆ ಬಾ, ನನ್ನದು ಕೊಡುತ್ತೇನೆ. ಮಾರ್ಜಿನ್ ತುಂಬ ನನ್ನ ಪೆನ್ಸಿಲ್ ಗೀಚು ಇದೆ, ಅದನ್ನು ಓದಬೇಡ.