ಪುಟ್ಟ ಮನೆಗೆ ಅಡುಗೆಮನೆ ಬೇಕಾ?

ಮನೆ ಇಲ್ಲದವರಿಗೆ ಹತ್ತು ಪುಟ್ಟ ಮನೆ ಕಟ್ಟಲು ಹೊರಟಿದ್ದೀರಿ, ಪ್ರತಿಯೊಂದಕ್ಕೂ ಅಡುಗೆಮನೆ, ಬಚ್ಚಲು ಬೇಕಾ ಅಂತ ಕೇಳಿದ್ದೀರಿ. ಅಡುಗೆಮನೆ ಬೇಡ. ಟಾಯ್ಲೆಟ್ ಮಾತ್ರ ಬೇಕೇ ಬೇಕು, ನಡುರಾತ್ರಿ ಮಳೆಯಲ್ಲಿ ಹೊರಗೆ ಓಡುವುದು ಯಾರಿಗೆ ಬೇಕು ಅಲ್ವಾ?

ಅಮೆರಿಕದ ಒಲಿಂಪಿಯಾ ನಗರದಲ್ಲಿ ಕ್ವಿಕ್ಸೋಟ್ ವಿಲೇಜ್ ಅಂತ ಮನೆ ಇಲ್ಲದವರ ಬಡಾವಣೆ ಇದೆ. 2007ರಲ್ಲಿ ಟೆಂಟ್ ಹಾಕಿಕೊಂಡು ಶುರುವಾದದ್ದು, 2013ರ ಕೊನೆಗೆ 30 ಪುಟ್ಟ ಮನೆಗಳಾಯಿತು. ಒಂದೊಂದೂ 144 ಚದರಡಿ. ಒಳಗೆ ಟಾಯ್ಲೆಟ್, ಸಿಂಕ್ ಇದೆ; ಅಡುಗೆ, ಸ್ನಾನ, ಬಟ್ಟೆ ಒಗೆಯುವುದೆಲ್ಲಾ ಎಲ್ಲರಿಗೂ ಸೇರಿದ ಒಂದು ದೊಡ್ಡ ಕಟ್ಟಡದಲ್ಲಿ. ಖರ್ಚು ಉಳಿಯುವುದು ಅಲ್ಲೇ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಾಗಿಲಿಗೆ ಗಟ್ಟಿ ಬೀಗ ಹಾಕಿಸಿ. ಬೀದಿಯಲ್ಲಿರುವವರು ಚೀಲವನ್ನು ತಲೆಯ ಕೆಳಗೆ ಇಟ್ಟುಕೊಂಡು ಮಲಗುತ್ತಾರೆ, ಕೆಲಸ ಕೇಳಲು ಹೋದರೂ ಅದನ್ನು ಹೊತ್ತುಕೊಂಡೇ ಹೋಗಬೇಕು, ಕಂಡವರು ಮುಖ ನೋಡುವ ಮೊದಲು ಆ ಚೀಲ ನೋಡುತ್ತಾರೆ. ಬೀಗದ ಕೈ ಸಿಕ್ಕಿದ ದಿನ ಅದು ತಪ್ಪುತ್ತದೆ.

ಜಾಗದ ಕಥೆ ಏನು? ಗೋಡೆ ಎಬ್ಬಿಸಲು ಜನ ಸಿಗುತ್ತಾರೆ, ಅನುಮತಿಗೆ ಮಾತ್ರ ವರ್ಷಗಳೇ ಹಿಡಿಯಬಹುದು, ಅಕ್ಕಪಕ್ಕದವರ ತಕರಾರು ಬೇರೆ. ಆ ಕಾಗದ ಕೈಗೆ ಬರುವ ತನಕ ಸುಮ್ನೆ ಮರಕ್ಕೆ ಅಡ್ವಾನ್ಸ್ ಕೊಡಬೇಡಿ.