ದಿನದ ದುಡಿಮೆಯವರಿಗೆ ಸೋಲಾರ್ ದೀಪ ಕೈಗೆಟುಕುವುದು ಹೇಗೆ?

ಪ್ಯಾನೆಲ್ ಬೆಲೆ ಇಳಿದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಅಸಲಿ ತೊಡಕು ಕಂತಿನದು. ಸಂಜೆ ತಳ್ಳುಗಾಡಿಯಲ್ಲಿ ಸೊಪ್ಪು ಮಾರುವವರನ್ನೇ ನೋಡಿ. ತಿಂಗಳಿಗೆ 300 ರೂಪಾಯಿ ಕಟ್ಟಿ ಅಂದರೆ ಬೇಡವೇ ಬೇಡ ಅನ್ನುತ್ತಾರೆ, ದಿನಕ್ಕೆ 10 ಅಂದರೆ ಒಪ್ಪುತ್ತಾರೆ. ಲೆಕ್ಕ ಒಂದೇ. ಆದರೆ ರಾತ್ರಿ ಕೈಗೆ ಬಂದ ದುಡ್ಡು ಬೆಳಗಿನ ಜಾವ ಮಾರ್ಕೆಟ್ಟಿನಲ್ಲಿ ಖಾಲಿ. ತಿಂಗಳ ಕೊನೆಗೆ ಉಳಿಯುವುದೆಲ್ಲಿಂದ?

1995ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸೆಲ್ಕೋ ಎಂಬ ಸೋಲಾರ್ ಕಂಪನಿ ಹಿಡಿದದ್ದು ಇದೇ ಎಳೆಯನ್ನು: ಬ್ಯಾಂಕ್ ಸಾಲ, ಗಳಿಕೆಗೆ ಹೊಂದುವ ಕಂತು, ಮನೆಬಾಗಿಲಿಗೆ ರಿಪೇರಿ. ಸಹಸ್ಥಾಪಕ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕೆಲವೆಡೆ ದೀಪ ಕೊಳ್ಳುವುದೂ ಬೇಡ. ಒಬ್ಬರು ಹಗಲಲ್ಲಿ ಬ್ಯಾಟರಿ ಚಾರ್ಜ್ ಮಾಡಿ, ಸಂಜೆ ಗಾಡಿಗಳಿಗೆ ಬಾಡಿಗೆಗೆ ಕೊಟ್ಟು, ರಾತ್ರಿ ವಾಪಸ್ ಒಯ್ಯುತ್ತಾರೆ.

(ದಿನದಿನವೂ ಚೂರುಚೂರು ದುಡ್ಡು ಕಟ್ಟುವುದು ಕರಾವಳಿಯವರಿಗೆ ಹೊಸತೇನಲ್ಲ ಬಿಡಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಸಂಸ್ಥೆ 1928ರಲ್ಲೇ ಪಿಗ್ಮಿ ಎಂಬ ದಿನದ ಉಳಿತಾಯ ಯೋಜನೆ ಶುರುಮಾಡಿ, ಮನೆಮನೆಯಿಂದ ದಿನಕ್ಕೆ ಎರಡಾಣೆ ಕೂಡಿಸುತ್ತಿತ್ತು.)

ಸಾಲ ಮಾಡುವ ಮುಂಚೆ ಒಂದು ವಿಷಯ: ಪ್ಯಾನೆಲ್ ಇಪ್ಪತ್ತು ವರ್ಷ ಬಂದರೂ ಲೆಡ್ ಆಸಿಡ್ ಬ್ಯಾಟರಿ ನಾಲ್ಕೈದು ವರ್ಷಕ್ಕೆ ಕೈಕೊಡುತ್ತದೆ. ಆ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಿರಿ.