ಸಿಎಸ್‌ಎಸ್‌ನಲ್ಲಿ ವೆಬ್ ಪೇಜ್ ಬಾಕ್ಸ್ ಮಾತ್ರ ಟ್ರಾನ್ಸ್‌ಪರೆಂಟ್ ಮಾಡೋದು ಹೇಗೆ? ಅಕ್ಷರಾನೂ ಮಸುಕಾಗ್ತಿದೆ

ರಾಜಾಸೀಟ್ ಮಂಜಿನ ಫೋಟೋ ಮೇಲೆ ಹೋಮ್‌ಸ್ಟೇ ರೇಟ್ ಬಾಕ್ಸ್ ಇಟ್ಟು ಅದಕ್ಕೆ ಒಪಾಸಿಟಿ (ಎಷ್ಟು ಗಾಢವಾಗಿ ಕಾಣ್ಬೇಕು ಅನ್ನೋ ಸೆಟ್ಟಿಂಗ್) 0.5 ಕೊಟ್ಟಿದ್ದೀರಲ್ಲ, ಅದು ಇಡೀ ಎಲಿಮೆಂಟ್‌ಗೇ ಬೀಳುತ್ತೆ, ಒಳಗಿರೋ ಅಕ್ಷರ, ಬಟನ್ ಎಲ್ಲಾ ಸೇರಿ, ಒಳಗಿನ ಪ್ಯಾರಾಗೆ ಬೇರೆಯಾಗಿ 1 ಅಂತ ಕೊಟ್ರೂ ಏನೂ ಪ್ರಯೋಜನ ಇಲ್ಲ. ಆ ಒಪಾಸಿಟಿ ಸಾಲು ತೆಗೀರಿ. ಬ್ಯಾಕ್‌ಗ್ರೌಂಡ್ ಕಲರ್‌ಗೆ ಆರ್‌ಜಿಬಿಎ ಬರೆದು ಬ್ರಾಕೆಟ್ ಒಳಗೆ 0, 0, 0, 0.6 ಹಾಕಿ. ಮೊದಲ ಮೂರು ಸೇರಿ ಕಪ್ಪು ಬಣ್ಣ, ಕೊನೇದು ಆಲ್ಫಾ, ಅದು 0 ಆದ್ರೆ ಬಣ್ಣಾನೇ ಕಾಣಲ್ಲ, 1 ಆದ್ರೆ ಹಿಂದಿನ ಫೋಟೋ ಪೂರ್ತಿ ಮುಚ್ಚುತ್ತೆ. ಅಕ್ಷರ ಬಿಳಿ ಇದ್ರೆ 0.6ಕ್ಕಿಂತ ಇಳಿಸ್ಬೇಡಿ, ಮಂಜೂ ಬಿಳೀನೇ ಅಲ್ವಾ, ಓದೋಕೆ ಕಷ್ಟ ಆಗುತ್ತೆ. ಹಾಂ, ಒಪಾಸಿಟಿ 0 ಮಾಡಿದ ಬಟನ್ ಕಾಣದಿದ್ರೂ ಕ್ಲಿಕ್ ಆಗ್ತಾನೇ ಇರುತ್ತೆ, ಅದನ್ನ ಕ್ಲಿಕ್ಕೂ ಆಗದ ಹಾಗೆ ಮರೆ ಮಾಡೋಕೆ ವಿಸಿಬಿಲಿಟಿ ಹಿಡನ್ ಕೊಡಿ.